ಹಾಸಿಗೆ ಹಿಡಿದವರ ಮನೆಗೂ ಮುಯ್ಯಾಳು ಬೇಕು

ಬಿತ್ತಿದ ಶೇಂಗಾಕ್ಕೆ ಒಂದು ಹದ ಮಳೆ ಬಿದ್ದು ಕಳೆ ಏರಿತೆಂದರೆ ತಳಕು ಹೋಬಳಿಯಲ್ಲಿ ಆಳು ಸಿಗುವುದು ಕಷ್ಟ. ಎಲ್ಲರ ಹೊಲಕ್ಕೂ ಒಂದೇ ವಾರದಲ್ಲಿ ಕಳೆ ಬರುತ್ತದೆ, ಎಲ್ಲರಿಗೂ ಒಂದೇ ವಾರದಲ್ಲಿ ಆಳು ಬೇಕಾಗುತ್ತದೆ. ಕೈಯಲ್ಲಿ ಕಾಸಿಲ್ಲದ ಸಣ್ಣ ರೈತರು ಇದಕ್ಕೆ ಹಿಂದಿನಿಂದಲೂ ಕಂಡುಕೊಂಡಿರುವ ಉಪಾಯವೇ ಮುಯ್ಯಾಳು. ಇಂದು ನಮ್ಮ ಮನೆಯ ಇಬ್ಬರು ನಿಮ್ಮ ಹೊಲಕ್ಕೆ, ನಾಡಿದ್ದು ನಿಮ್ಮ ಮನೆಯ ಇಬ್ಬರು ನಮ್ಮ ಹೊಲಕ್ಕೆ. ಬರೆದಿಡುವ ಲೆಕ್ಕವಿಲ್ಲ, ಆದರೂ ಯಾರೂ ಮರೆಯುವುದಿಲ್ಲ. ಮುಯ್ಯಿ ತೀರಿಸದವನ ಹೊಲಕ್ಕೆ ಮುಂದಿನ ವರ್ಷ ಯಾರೂ ಇಳಿಯುವುದಿಲ್ಲ.

ರೈತ ಬಾಂಧವರೇ, ಇಂದು ಹೇಳಹೊರಟಿರುವುದು ಕಳೆಯ ವಿಷಯವಲ್ಲ. ಇದೇ ಮುಯ್ಯಾಳಿನ ಕ್ರಮವನ್ನು ಇನ್ನೊಂದು ಕೆಲಸಕ್ಕೂ ತರಬೇಕಾಗಿದೆ. ಅದು ಮನೆಯಲ್ಲಿ ಹಾಸಿಗೆ ಹಿಡಿದವರನ್ನು, ಬುದ್ಧಿ ಸ್ಥಿಮಿತದಲ್ಲಿಲ್ಲದವರನ್ನು, ಹುಟ್ಟಿನಿಂದಲೇ ಕೈಕಾಲು ಸ್ವಾಧೀನವಿಲ್ಲದ ಮಕ್ಕಳನ್ನು ನೋಡಿಕೊಳ್ಳುವ ಕೆಲಸ. ರೋಗಿಯ ಬಗ್ಗೆ ಊರೆಲ್ಲ ವಿಚಾರಿಸುತ್ತದೆ. ರೋಗಿಯನ್ನು ನೋಡಿಕೊಳ್ಳುವವರನ್ನು ವಿಚಾರಿಸುವವರು ಕಡಿಮೆ.

ಒಂದು ಮನೆಯನ್ನು ಊಹಿಸಿಕೊಳ್ಳಿ. ನಾಲ್ಕು ಎಕರೆ ಖುಷ್ಕಿ, ಎರಡು ಎಮ್ಮೆ, ಆರೇಳು ಆಡು. ಮನೆಯ ಯಜಮಾನನಿಗೆ ಲಕ್ವ ಹೊಡೆದು ಬಲಗೈ, ಬಲಗಾಲು ಬಿದ್ದುಹೋಗಿದೆ. ಮೊದಲು ಹೋಗುವುದು ಆತನ ದುಡಿಮೆ. ಅದನ್ನು ಎಲ್ಲರೂ ಲೆಕ್ಕ ಹಿಡಿಯುತ್ತಾರೆ. ಆತನ ಜೊತೆಗೆ ಇನ್ನೊಬ್ಬರ ದುಡಿಮೆಯೂ ಹೋಯಿತೆಂಬುದನ್ನು ಯಾರೂ ಲೆಕ್ಕ ಹಿಡಿಯುವುದಿಲ್ಲ. ಹೆಂಡತಿಯೋ ಸೊಸೆಯೋ ಕೂಲಿಗೆ ಹೋಗುವುದನ್ನು ನಿಲ್ಲಿಸುತ್ತಾಳೆ. ಎಮ್ಮೆಗೆ ಹುಲ್ಲು ತರಲು ಪುರುಸೊತ್ತಿಲ್ಲದೆ ಒಂದು ಎಮ್ಮೆ ಸಂತೆಗೆ ಹೋಗುತ್ತದೆ. ಆಮೇಲೆ ಆಡು ಕಾಯಲೆಂದು ಎಂಟನೆಯ ತರಗತಿಯ ಹುಡುಗಿ ಶಾಲೆ ಬಿಡುತ್ತಾಳೆ. ಹೊಲವನ್ನು ಪಾಲಿಗೆ ಕೊಡಬೇಕಾಗುತ್ತದೆ. ಆಸ್ಪತ್ರೆಯ ಸಾಲಕ್ಕಿಂತ ಈ ಮೌನವಾದ ನಷ್ಟವೇ ಎಷ್ಟೋ ಮನೆಗಳನ್ನು ಮುರಿದಿದೆ. ಇಂಥ ಮನೆ ನಿಮ್ಮ ಊರಿನಲ್ಲಿ ಒಂದೂ ಇಲ್ಲವೆಂದು ಹೇಳಬಲ್ಲಿರಾ?

ವಾಚನಾಲಯದಲ್ಲಿ ಕುಳಿತು ಇದನ್ನು ಓದುತ್ತಿರುವವರಲ್ಲಿ ಹೆಚ್ಚಿನವರು ಗಂಡಸರು. ಹಾಸಿಗೆ ಹಿಡಿದವರ ಮೈ ತೊಳೆಯುವವರಲ್ಲಿ ಹೆಚ್ಚಿನವರು ಹೆಂಗಸರು. ಈ ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ‘ಅದು ಸೊಸೆಯ ಧರ್ಮ’ ಎನ್ನುವವರಿದ್ದಾರೆ. ಧರ್ಮವೆಂದೇ ಇಟ್ಟುಕೊಳ್ಳೋಣ. ಆದರೆ ಉಳುವ ಎತ್ತಿಗೂ ಮಧ್ಯಾಹ್ನ ನೊಗ ಇಳಿಸುತ್ತೀರಲ್ಲವೇ?

ನೋಡಲು ಬರುವವರು

ನಮ್ಮ ಕಡೆ ಕಾಯಿಲೆಯಾದವರನ್ನು ನೋಡಲು ಹೋಗದಿರುವುದು ದೊಡ್ಡ ತಪ್ಪು. ಒಳ್ಳೆಯ ಪದ್ಧತಿಯೇ. ಆದರೆ ಅದು ನಡೆಯುವ ರೀತಿಯನ್ನು ಸ್ವಲ್ಪ ಗಮನಿಸಿ. ನಾಲ್ಕು ಜನ ಬ್ರೆಡ್ಡು, ಎಳನೀರು ಹಿಡಿದುಕೊಂಡು ಬರುತ್ತಾರೆ. ಮಂಚದ ಪಕ್ಕ ಕುಳಿತು ಇಂಥ ಊರಿನಲ್ಲಿ ಇಂಥವರಿಗೂ ಹೀಗೇ ಆಗಿತ್ತು, ಇಂಥ ಕಡೆ ಔಷಧಿ ಕೊಡುತ್ತಾರೆ ಎಂದು ಗಂಟೆಗಟ್ಟಲೆ ಹೇಳುತ್ತಾರೆ. ರಾತ್ರಿ ನಿದ್ದೆಗೆಟ್ಟ ಮನೆಯಾಕೆ ಅವರಿಗೆಲ್ಲ ಟೀ ಕಾಯಿಸುತ್ತಾಳೆ. ಅವರು ಎದ್ದು ಹೋದ ಮೇಲೆ ಲೋಟ ತೊಳೆಯುವುದೂ ಅವಳೇ.

ಮುಂದಿನ ಸಲ ಹೋದಾಗ ಟೀ ಬೇಡವೆನ್ನಿ. ಎರಡು ಕೊಡ ನೀರು ತಂದು ಹಾಕಿ. ಒಂದು ಹೊರೆ ಹುಲ್ಲು ತನ್ನಿ. ನ್ಯಾಯಬೆಲೆ ಅಂಗಡಿಯ ಸಾಲಿನಲ್ಲಿ ಅವರ ಚೀಲವನ್ನೂ ಹಿಡಿದು ನಿಲ್ಲಿ. ಎಲ್ಲಕ್ಕಿಂತ ದೊಡ್ಡ ಉಪಕಾರವೆಂದರೆ, ‘ಎರಡು ಗಂಟೆ ನಾನು ಇಲ್ಲಿ ಕೂತಿರುತ್ತೇನೆ, ನೀನು ಹೋಗಿ ಮಲಗಿಕೊಳ್ಳವ್ವ’ ಎನ್ನುವುದು.

ಈ ಎರಡು ಗಂಟೆಯನ್ನು ಒಂದು ಕ್ರಮಕ್ಕೆ ತಂದರೆ ಅದೇ ಮುಯ್ಯಾಳು. ಹತ್ತು ಮನೆಯವರು ವಾರಕ್ಕೆ ಎರಡೆರಡು ಗಂಟೆ ಕೊಟ್ಟರೆ ಆ ಮನೆಗೆ ವಾರಕ್ಕೆ 20 ಗಂಟೆ ಬಿಡುವು ಸಿಕ್ಕಿತು. ಎಂಟು ಗಂಟೆಯ ಕೂಲಿಯಲ್ಲಿ ಲೆಕ್ಕ ಹಾಕಿದರೆ ಎರಡೂವರೆ ದಿನವಾಯಿತು. ಎರಡೂವರೆ ದಿನದಲ್ಲಿ ಒಬ್ಬ ಹೆಂಗಸು ತನ್ನ ಹೊಲದ ಕೆಲಸವನ್ನು ಎಷ್ಟು ಮುಂದಕ್ಕೆ ಒಯ್ಯಬಲ್ಲಳು ಎಂಬುದು ನಿಮಗೇ ಗೊತ್ತು.

ಮುಯ್ಯಿ ತೀರಿಸುವುದು ಹೇಗೆ ಎಂಬ ಪ್ರಶ್ನೆ ಬರುತ್ತದೆ. ಮಂಚದ ಪಕ್ಕದಿಂದ ಏಳಲಾಗದವರು ಮತ್ತೊಬ್ಬರ ಹೊಲಕ್ಕೆ ಹೋಗುವುದಾದರೂ ಹೇಗೆ? ಈ ಪ್ರಶ್ನೆ ಮುಖ್ಯವಾದದ್ದು. ಏಕೆಂದರೆ ಸ್ವಾಭಿಮಾನವುಳ್ಳ ಮನೆಯವರು ತೀರಿಸಲಾಗದ ಉಪಕಾರವನ್ನು ಬಹಳ ದಿನ ಪಡೆಯಲಾರರು. ಮೂರನೆಯ ವಾರಕ್ಕೆ ‘ಬೇಡ ಬಿಡಿ, ಹೇಗೋ ಆಗುತ್ತದೆ’ ಎಂದುಬಿಡುತ್ತಾರೆ. ಆದ್ದರಿಂದ ತೀರಿಸುವ ದಾರಿಯನ್ನು ಮೊದಲೇ ಗೊತ್ತು ಮಾಡಿಕೊಳ್ಳಬೇಕು. ಬಿತ್ತನೆಗೆ ಮುಂಚೆ ಶೇಂಗಾ ಬೀಜ ಸುಲಿಯುವ ಕೆಲಸವಿದೆ. ಬೀಜದ ಸಿಪ್ಪೆ ಕೀಳದಂತೆ, ಮೊಳಕೆಯ ಮೂತಿ ಮುರಿಯದಂತೆ ಕೈಯಲ್ಲಿ ಸುಲಿದದ್ದೇ ಬಿತ್ತನೆಗೆ ಮೇಲು. ಅದನ್ನು ರೋಗಿಯ ಪಕ್ಕದಲ್ಲೇ ಕುಳಿತು ಮಾಡಬಹುದು. ಹುಣಿಸೆಹಣ್ಣು ಬಿಡಿಸುವುದು, ಕಂಬಳಿ ನೇಯುವ ಮನೆಗಳಿದ್ದಲ್ಲಿ ಉಣ್ಣೆ ನೂಲುವುದು, ಹೊಲಕ್ಕೆ ಹೋದವರ ಮಕ್ಕಳನ್ನು ಸಂಜೆಯವರೆಗೆ ಜಗಲಿಯಲ್ಲಿ ಆಡಿಸಿಕೊಂಡಿರುವುದು ಇವೆಲ್ಲ ಕೂತಲ್ಲೇ ತೀರಿಸುವ ಮುಯ್ಯಿಗಳು. ಒಂದು ಚೀಲ ಕಾಯಿ ಸುಲಿದುಕೊಟ್ಟರೆ ಎಷ್ಟು ಹೊತ್ತಿನ ಲೆಕ್ಕವೆಂಬುದನ್ನು ಊರಿನ ಹೆಂಗಸರೇ ನಿರ್ಧರಿಸಲಿ. ಅದರಲ್ಲಿ ನಮ್ಮ ಬಾಯಿ ಬೇಡ.

ಇದನ್ನು ಆರಂಭಿಸಲು ಹೊಸ ಸಂಘ ಕಟ್ಟಬೇಕಾಗಿಲ್ಲ. ಸ್ತ್ರೀಶಕ್ತಿ ಗುಂಪಿನ ವಾರದ ಸಭೆ ಹೇಗೂ ನಡೆಯುತ್ತದೆ. ಉಳಿತಾಯದ ಹಣ ಎಣಿಸಿದ ಮೇಲೆ, ‘ಈ ವಾರ ಯಾರ ಮನೆಗೆ ಯಾರು’ ಎಂಬ ಒಂದು ಮಾತು ಸೇರಿಸಿದರೆ ಸಾಕು. ಹೆಂಗಸು ರೋಗಿಯ ಬಳಿ ಹೆಂಗಸರೇ ಇರಬೇಕು, ಗಂಡಸು ರೋಗಿಯನ್ನು ಎತ್ತಿ ಮಲಗಿಸಲು ಗಂಡಸರು ಬೇಕು. ಹೀಗಾಗಿ ಗಂಡಸರಿಗೂ ಪಾಳಿ ಇದೆ. ಇನ್ನೊಂದು ಮಾತು. ಮುಯ್ಯಾಳು ಸಾಮಾನ್ಯವಾಗಿ ಅವರವರ ಕೇರಿ, ಅವರವರ ಹಟ್ಟಿಯೊಳಗೇ ತಿರುಗುತ್ತದೆ. ಎರಡೇ ಮನೆಗಳಿರುವ ಕುಲದವರ ಪಾಡೇನು? ಕಾಯಿಲೆ ಕೇರಿ ನೋಡಿ ಬರುವುದಿಲ್ಲ. ಮೈ ಮುಟ್ಟುವ ಕೆಲಸಕ್ಕೆ ಹಿಂಜರಿಯುವವರು ಕಡೆಯ ಪಕ್ಷ ನೀರು, ಹುಲ್ಲು, ಔಷಧಿ ತರುವ ಕೆಲಸದಿಂದಲಾದರೂ ಆರಂಭಿಸಬಹುದು.

ಬೇರೆ ಕಡೆ ನಡೆದಿದೆ

ಇದು ಕಾಗದದ ಮೇಲಿನ ಮಾತೆಂದು ತಿಳಿಯಬೇಡಿ. ಕೇರಳದ ಕೋಝಿಕ್ಕೋಡಿನಲ್ಲಿ 1993ರಲ್ಲಿ ಕೆಲವು ವೈದ್ಯರು ಸೇರಿ ವಾಸಿಯಾಗದ ಕಾಯಿಲೆಯವರ ನೋವು ಕಡಿಮೆ ಮಾಡುವ ಒಂದು ಸಂಸ್ಥೆ ಕಟ್ಟಿದರು. ರೋಗಿಗಳೆಲ್ಲ ಆಸ್ಪತ್ರೆಗೆ ಬರಲಾರರು, ವೈದ್ಯರೆಲ್ಲ ಮನೆಗೆ ಹೋಗಲಾರರು ಎಂಬುದು ಬೇಗನೆ ಗೊತ್ತಾಯಿತು. 2001ರಲ್ಲಿ ಮಲಪ್ಪುರಂ ಜಿಲ್ಲೆಯಲ್ಲಿ ನೆರೆಹೊರೆಯವರದೇ ಜಾಲ ಆರಂಭವಾಯಿತು. ವಾರಕ್ಕೆ ಎರಡು ಗಂಟೆ ಕೊಡಬಲ್ಲವರಿಗೆ ತರಬೇತಿ ಕೊಟ್ಟು ಮನೆಮನೆಗೆ ಕಳುಹಿಸಿದರು. ಅಂಗಡಿಯವರು, ಹಮಾಲರು, ಬಸ್ಸಿನವರು, ಶಾಲೆಯ ಮಕ್ಕಳು ಚಿಲ್ಲರೆ ಕಾಸು ಕೂಡಿಸಿ ಅದನ್ನು ನಡೆಸಿದರು. 2008ರಲ್ಲಿ ಕೇರಳ ಸರ್ಕಾರವೇ ಇದಕ್ಕೊಂದು ನೀತಿ ರೂಪಿಸಿ ಪಂಚಾಯಿತಿಗಳಿಗೆ ಹೊಣೆ ವಹಿಸಿತು. ಸರ್ಕಾರ ಮೊದಲು ಬಂದು ಜನ ಆಮೇಲೆ ಬಂದದ್ದಲ್ಲ ಎಂಬುದನ್ನು ಗಮನಿಸಬೇಕು.

ಕನ್ನಡ ಮಾತನಾಡುವ ಕುಟುಂಬಗಳ ಉದಾಹರಣೆಯೂ ಇದೆ. ಅದು ಕಹಿಯಾದದ್ದು, ಬೇಸಾಯಕ್ಕೆ ಸಂಬಂಧಿಸಿದ್ದು. ಕಾಸರಗೋಡಿನ ಎಣ್ಮಕಜೆ ಮೊದಲಾದ ಕಡೆ ಗೇರು ತೋಟಗಳಿಗೆ ಎರಡು ದಶಕಕ್ಕೂ ಹೆಚ್ಚು ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದರು. ದಕ್ಷಿಣ ಕನ್ನಡದ ಕೊಕ್ಕಡದ ಸುತ್ತಮುತ್ತಲೂ ಸಿಂಪಡಣೆ ನಡೆಯಿತು. ಕೈಕಾಲು ಬೆಳೆಯದ, ಮಾತು ಬಾರದ ಮಕ್ಕಳು ಅನೇಕ ಮನೆಗಳಲ್ಲಿ ಹುಟ್ಟಿದರು. ಸರ್ವೋಚ್ಚ ನ್ಯಾಯಾಲಯ ಈ ವಿಷವನ್ನು 2011ರಲ್ಲಿ ನಿಷೇಧಿಸಿತು. ಆದರೆ ಇಪ್ಪತ್ತು ವರ್ಷದ ಮಗನನ್ನು ಕೂಸಿನಂತೆ ಎತ್ತಿಕೊಂಡು ತಿರುಗುವ ತಾಯಂದಿರ ಕೆಲಸಕ್ಕೆ ನಿಷೇಧವೆಲ್ಲಿ? ಕೊಕ್ಕಡ ಮತ್ತು ಕೊಯ್ಲದಲ್ಲಿ ಇಂಥ ಮಕ್ಕಳನ್ನು ಹಗಲು ನೋಡಿಕೊಳ್ಳುವ ಪಾಲನಾ ಕೇಂದ್ರಗಳು ತೆರೆದ ಮೇಲೆ ತಾಯಂದಿರಿಗೆ ಹಗಲು ಎಂಬುದೊಂದು ಸಿಕ್ಕಿತು. ಅವರಿಗೆ ಅದು ಪರಿಹಾರಧನದಷ್ಟೇ ಬೆಲೆಯುಳ್ಳದ್ದು.

ನಮ್ಮ ಪಂಚಾಯಿತಿಗಳಲ್ಲಿ ಕೂಲಿಗೆ ಹೋಗುವ ತಾಯಂದಿರ ಮಕ್ಕಳಿಗಾಗಿ 2023-24ರಲ್ಲಿ ‘ಕೂಸಿನ ಮನೆ’ ಆರಂಭಿಸಿದರು. ಮುದುಕರಿಗೊಂದು ಅಂಥ ಮನೆ ಏಕಾಗಬಾರದು ಎಂದು ಗ್ರಾಮಸಭೆಯಲ್ಲಿ ಯಾರಾದರೂ ಕೇಳಲಿ.

ಮಂಚದ ಪಕ್ಕದ ಕೆಲಸ

ಪಾಳಿಯ ಮೇಲೆ ಬರುವವರು ಕೆಲವು ವಿಷಯಗಳನ್ನು ತಿಳಿದಿರಬೇಕು. ಮೊದಲನೆಯದು ಹಾಸಿಗೆ ಹುಣ್ಣು. ಒಂದೇ ಮಗ್ಗುಲಲ್ಲಿ ಮಲಗಿದವರಿಗೆ ಬೆನ್ನ ಕೆಳಗೆ, ಸೊಂಟದ ಮೂಳೆಯ ಮೇಲೆ, ಹಿಮ್ಮಡಿಯಲ್ಲಿ ರಕ್ತ ಓಡಾಡದೆ ಚರ್ಮ ಕೊಳೆಯುತ್ತದೆ. ಹಗಲೂ ರಾತ್ರಿಯೂ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದೇ ಇದಕ್ಕೆ ಮದ್ದು. ಮನೆಯಾಕೆಗೆ ನಿದ್ದೆ ಇಲ್ಲವೆಂದರೆ ಏನರ್ಥವೆಂದು ಇದರಿಂದಲೇ ತಿಳಿಯುತ್ತದೆ. ಚರ್ಮ ಕೆಂಪಾದ ಕಡೆ ಎಣ್ಣೆ ಹಚ್ಚಿ ತಿಕ್ಕಬಾರದು; ಆ ಜಾಗದ ಮೇಲೆ ಭಾರ ಬೀಳದಂತೆ ಮಲಗಿಸಬೇಕು. ಹುಣ್ಣಾದರೆ ಬೂದಿ, ಸುಣ್ಣ, ಸೊಪ್ಪು ಯಾವುದನ್ನೂ ಮೆತ್ತದೆ ಆರೋಗ್ಯ ಕೇಂದ್ರದ ದಾದಿಗೆ ತೋರಿಸಿ. ಹಿಮ್ಮಡಿ ಹಾಸಿಗೆಗೆ ತಾಗದಂತೆ ಮೀನಖಂಡದ ಕೆಳಗೆ ಮಡಿಸಿದ ಸೀರೆ ಇಡಬಹುದು. ನಮ್ಮ ಕಡೆಯ ಕಂಬಳಿ ಚಳಿಗೆ ಬಲು ಒಳ್ಳೆಯದು. ರೋಗಿಯನ್ನು ಮಾತ್ರ ನೇರವಾಗಿ ಅದರ ಮೇಲೆ ಮಲಗಿಸಬೇಡಿ. ಚುಚ್ಚುತ್ತದೆ, ಒದ್ದೆಯಾದರೆ ಬೇಗ ಒಣಗುವುದಿಲ್ಲ. ಮೇಲೆ ನೂಲಿನ ಬಟ್ಟೆಯನ್ನು ಸುಕ್ಕಿಲ್ಲದಂತೆ ಹಾಸಿ. ಜೋಲು ಬಿದ್ದ ಹಗ್ಗದ ಮಂಚವೂ ಬೇಡ. ಮಗ್ಗುಲು ಬದಲಿಸುವವರ ನಡು ಮುರಿಯುತ್ತದೆ.

ಎತ್ತುವಾಗ ಒಬ್ಬರೇ ಎತ್ತಬೇಡಿ. ರೋಗಿಯ ಕೆಳಗೆ ದಪ್ಪನೆಯ ದುಪ್ಪಟಿ ಇದ್ದರೆ ಆಚೆಗೊಬ್ಬರು ಈಚೆಗೊಬ್ಬರು ಅದರ ಅಂಚು ಹಿಡಿದು ಸರಿಸಬಹುದು. ಮೂಟೆ ಎತ್ತುವಾಗ ಮಾಡುವಂತೆ ಮೊಣಕಾಲು ಬಗ್ಗಿಸಿ, ನಡು ನೆಟ್ಟಗಿಟ್ಟುಕೊಳ್ಳಬೇಕು.

ಲಕ್ವ ಹೊಡೆದವರಿಗೆ ಉಣಿಸುವುದು ಎಚ್ಚರಿಕೆಯ ಕೆಲಸ. ನಾವು ಮುದ್ದೆಯನ್ನು ಅಗಿಯದೆ ನುಂಗುವ ಜನ. ಗಂಟಲಿನ ಅರ್ಧ ಭಾಗ ಸತ್ತವರಿಗೆ ಆ ತುತ್ತು ಉಸಿರಿನ ದಾರಿಯಲ್ಲಿ ಸಿಕ್ಕಿಕೊಳ್ಳಬಹುದು. ತೆಳ್ಳನೆಯ ನೀರೂ ಶ್ವಾಸಕೋಶಕ್ಕೆ ಇಳಿಯಬಹುದು. ಬೆನ್ನಿಗೆ ಆಸರೆ ಕೊಟ್ಟು ನೆಟ್ಟಗೆ ಕೂರಿಸಿ, ಗಟ್ಟಿಯಾದ ಅಂಬಲಿಯನ್ನು ಸಣ್ಣ ಚಮಚದಲ್ಲಿ, ಸರಿಯಿರುವ ಕಡೆಯ ದವಡೆಗೆ ಕೊಡಿ. ಒಂದು ನುಂಗಿದ ಮೇಲೆ ಇನ್ನೊಂದು. ಉಂಡ ಮೇಲೆ ಅರ್ಧ ಗಂಟೆ ಮಲಗಿಸಬೇಡಿ. ಪ್ರತಿ ತುತ್ತಿಗೂ ಕೆಮ್ಮು ಬಂದರೆ ನಿಲ್ಲಿಸಿ ವೈದ್ಯರನ್ನು ಕೇಳಬೇಕು. ಹೊಸದಾಗಿ ಬಾಯಿ ಸೊಟ್ಟಗಾಗಿ, ಕೈ ಸೋತು, ಮಾತು ತೊದಲಿದರಂತೂ ಪಾರಿವಾಳದ ರಕ್ತ, ನಾಟಿ ಔಷಧಿ ಎಂದು ತಿರುಗದೆ ಕೂಡಲೇ 108ಕ್ಕೆ ಫೋನು ಮಾಡಿ. ಹೆಪ್ಪುಗಟ್ಟಿದ ರಕ್ತ ಕರಗಿಸುವ ಚುಚ್ಚುಮದ್ದಿಗೆ ಇರುವ ಅವಧಿ ನಾಲ್ಕೂವರೆ ಗಂಟೆ ಮಾತ್ರ.

ಪ್ಲಾಸ್ಟಿಕ್ ಕುರ್ಚಿಯ ನಡುವೆ ರಂಧ್ರ ಕೊರೆದು ಕೆಳಗೆ ಬೋಗುಣಿ ಇಟ್ಟರೆ ಕಕ್ಕಸಿನ ಕುರ್ಚಿ ಸಿದ್ಧವಾಗುತ್ತದೆ. ಗಾಲಿ ಕುರ್ಚಿ, ಗಾಳಿ ಹಾಸಿಗೆಗಳನ್ನು ಪ್ರತಿಯೊಂದು ಮನೆಯವರೂ ಕೊಳ್ಳಬೇಕಾಗಿಲ್ಲ. ಕೃಷಿ ಯಂತ್ರಧಾರೆ ಕೇಂದ್ರದಿಂದ ಬಿತ್ತನೆ ಯಂತ್ರವನ್ನು ಬಾಡಿಗೆಗೆ ತರುವುದಿಲ್ಲವೇ? ಹಾಗೆಯೇ ಊರಿಗೊಂದೆರಡು ಇರಿಸಿಕೊಂಡು ಬೇಕಾದವರಿಗೆ ಕೊಟ್ಟು ವಾಪಸು ಪಡೆಯಬಹುದು. ಗ್ರಾಮ ಪಂಚಾಯಿತಿಗಳು ತಮ್ಮ ಹಣದಲ್ಲಿ ಶೇಕಡಾ 5ರಷ್ಟನ್ನು ಅಂಗವಿಕಲರಿಗಾಗಿ ಮೀಸಲಿಡಬೇಕೆಂಬ ನಿಯಮವಿದೆ. ಆ ಹಣ ಯಾವುದಕ್ಕೆ ಖರ್ಚಾಯಿತೆಂದು ಕೇಳುವ ಹಕ್ಕು ನಿಮಗಿದೆ.

ಮನಸ್ಸಿನ ಕಾಯಿಲೆ ಇರುವ ಮನೆ

ಕೈಕಾಲು ಬಿದ್ದವರ ಮನೆಗೆ ಜನ ಬರುತ್ತಾರೆ. ಬುದ್ಧಿಭ್ರಮಣೆಯಾದವರ ಮನೆಯ ಕಡೆ ತಲೆ ಹಾಕುವುದಿಲ್ಲ. ಮನೆಯವರೂ ಮುಚ್ಚಿಡುತ್ತಾರೆ, ದೇವರು ದೆವ್ವ ಎಂದು ಜಾತ್ರೆ ತಿರುಗುತ್ತಾರೆ, ಕೊನೆಗೆ ಕಟ್ಟಿಹಾಕುವವರೂ ಇದ್ದಾರೆ. ಈ ವಿಷಯದಲ್ಲಿ ನಮ್ಮ ಪಕ್ಕದ ಬಳ್ಳಾರಿ ಜಿಲ್ಲೆ ದೇಶಕ್ಕೇ ದಾರಿ ತೋರಿಸಿತು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು 1980ರ ದಶಕದಲ್ಲಿ ಆ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಮಾತ್ರೆಗಳನ್ನು ಅಲ್ಲೇ ಸಿಗುವಂತೆ ಮಾಡಿದರು. ರೋಗಿಯನ್ನು ಹುಚ್ಚಾಸ್ಪತ್ರೆಯಲ್ಲಿ ಬಿಟ್ಟುಬರುವ ಬದಲು ಮನೆಯವರ ಕೈಯಲ್ಲೇ ಇಟ್ಟು ವಾಸಿಮಾಡಬಹುದೆಂದು ಅಲ್ಲಿ ಕಂಡುಬಂತು. 1996ರಲ್ಲಿ ಕೇಂದ್ರ ಸರ್ಕಾರ ಕೈಗೊಂಡ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಈ ಬಳ್ಳಾರಿ ಪ್ರಯೋಗವೇ ಮಾದರಿ. ಕರ್ನಾಟಕದಲ್ಲಿ 2014ರಲ್ಲಿ ಆರಂಭವಾದ ಮನೋಚೈತನ್ಯ ಕಾರ್ಯಕ್ರಮದ ಪ್ರಕಾರ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬಂದು ನೋಡುತ್ತಾರೆ. ಚಳ್ಳಕೆರೆಗೆ, ಮೊಳಕಾಲ್ಮೂರಿಗೆ ಬರುವ ದಿನವನ್ನು ಆಶಾ ಕಾರ್ಯಕರ್ತೆಯಿಂದ ತಿಳಿದುಕೊಂಡು ಹೋಗಿ.

ಮಾತ್ರೆಯಿಂದ ಗುಣ ಕಂಡಿತೆಂದು ನಾಲ್ಕು ತಿಂಗಳಿಗೆ ನಿಲ್ಲಿಸಿಬಿಡುವುದು ಸಾಮಾನ್ಯ. ವೈದ್ಯರು ಹೇಳುವವರೆಗೆ ನಿಲ್ಲಿಸಬಾರದು. ತಿಂಗಳಿಗೊಮ್ಮೆ ಮಾತ್ರೆ ತಂದುಕೊಡುವುದೂ ಒಂದು ಮುಯ್ಯಾಳೇ.

ಕೆಲವು ಕಡೆ ನೋಡಿಕೊಳ್ಳುವವರದೇ ಗುಂಪುಗಳನ್ನು ಕಟ್ಟಿದ್ದಾರೆ. 2012ರಲ್ಲಿ ಆರಂಭವಾದ ಕೇರರ್ಸ್ ವರ್ಲ್ಡ್‌ವೈಡ್ ಎಂಬ ಸಂಸ್ಥೆ ಕರ್ನಾಟಕದ ಹಳ್ಳಿಗಳಲ್ಲೂ ಈ ಕೆಲಸ ಮಾಡಿದೆ. ಇಂಥ ಗುಂಪಿನಲ್ಲಿ ರೋಗಿಯ ಮಾತಿಗಿಂತ ತಮ್ಮ ಮಾತಿಗೆ ಜಾಗವಿರುತ್ತದೆ. ‘ನನಗೂ ಒಮ್ಮೊಮ್ಮೆ ಸಿಟ್ಟು ಬಂದು ಬೈದುಬಿಡುತ್ತೇನೆ’ ಎಂದು ಒಬ್ಬಳು ಹೇಳಿದರೆ ಇನ್ನೊಬ್ಬಳಿಗೆ ಎದೆ ಹಗುರಾಗುತ್ತದೆ.

ಯಾವ ಬಾಗಿಲು ತಟ್ಟಬೇಕು

ವೆಂಕಣ್ಣಯ್ಯನವರ, ತ.ರಾ.ಸು. ಅವರ ಮನೆತನದ ಊರಾದ ತಳಕು ಚಳ್ಳಕೆರೆ ತಾಲ್ಲೂಕಿನ ಹೋಬಳಿ, ಮತ ಹಾಕುವುದು ಮೊಳಕಾಲ್ಮೂರು ಕ್ಷೇತ್ರಕ್ಕೆ. ಶಾಸಕರನ್ನು ಒಂದು ಕಡೆ, ತಹಶೀಲ್ದಾರರನ್ನು ಇನ್ನೊಂದು ಕಡೆ ಹುಡುಕಬೇಕು. ಆದರೆ ಪಿಂಚಣಿ ಅರ್ಜಿಗೆ ಅಷ್ಟು ದೂರ ಹೋಗಬೇಕಾಗಿಲ್ಲ, ನಾಡಕಚೇರಿಯಲ್ಲೇ ಕೊಡಬಹುದು. ಅರವತ್ತೈದು ದಾಟಿದ ಬಡವರಿಗೆ ಸಂಧ್ಯಾ ಸುರಕ್ಷಾ, ಅಂಗವಿಕಲರಿಗೆ ಮಾಸಾಶನ ಇವೆ. ಮೊತ್ತ ಆಗಾಗ ಬದಲಾಗುವುದರಿಂದ ಅಲ್ಲೇ ಕೇಳಿಕೊಳ್ಳಿ. ಮಾಸಾಶನಕ್ಕೆ ಅಂಗವಿಕಲತೆಯ ಗುರುತಿನ ಚೀಟಿ ಬೇಕು. 2016ರ ಕಾಯಿದೆಯಲ್ಲಿ 21 ಬಗೆಯ ಅಂಗವಿಕಲತೆಗಳಿದ್ದು ಮಾನಸಿಕ ಕಾಯಿಲೆಯೂ ಅದರಲ್ಲಿ ಸೇರಿದೆ. ಇದು ಬಹಳ ಜನಕ್ಕೆ ತಿಳಿಯದು. ಅರ್ಜಿ ತುಂಬಲು ನಿಮ್ಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ನೆರವಾಗಬೇಕು; ಅವರ ಕೆಲಸವೇ ಅದು.

ನೋಡಿಕೊಳ್ಳುವವರಿಗೇ ಹಣ ಕೊಡುವ ವಿಚಾರದಲ್ಲಿ ಕೇರಳ ಮುಂದಿತ್ತು. ಅಲ್ಲಿನ ಆಶ್ವಾಸಕಿರಣಂ ಯೋಜನೆ ತಿಂಗಳಿಗೆ 600 ರೂಪಾಯಿ ಗೊತ್ತುಮಾಡಿತ್ತು. ನಮ್ಮ ರಾಜ್ಯದ 2024-25ರ ಬಜೆಟ್ಟಿನಲ್ಲಿ ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೋಫಿ, ಪಾರ್ಕಿನ್ಸನ್, ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರನ್ನು ನೋಡಿಕೊಳ್ಳುವವರಿಗೆ ತಿಂಗಳಿಗೆ 1,000 ರೂಪಾಯಿ ಎಂದು ಪ್ರಕಟಿಸಿದರು. ಸೊಸೆಯ ಧರ್ಮವೆನ್ನುತ್ತಿದ್ದುದನ್ನು ಸರ್ಕಾರ ದುಡಿಮೆಯೆಂದು ಒಪ್ಪಿಕೊಂಡಂತಾಯಿತು. ಮೊತ್ತ ಸಣ್ಣದು. ಲಕ್ವ ಹೊಡೆದವರ ಮನೆ ಆ ಪಟ್ಟಿಯಲ್ಲಿರಲಿಲ್ಲ. ಹಳ್ಳಿಗಳಲ್ಲಿ ಹೆಚ್ಚಾಗಿ ಕಾಣುವುದು ಅದೇ.

ಬೆಂಗಳೂರಿನಲ್ಲಿ ನೆಲೆಸಿ ಹಬ್ಬಕ್ಕೆ ಮಾತ್ರ ಬರುವ ಅಣ್ಣತಮ್ಮಂದಿರ ವಿಷಯಕ್ಕೂ ಕಾನೂನಿದೆ. 2007ರ ಕಾಯಿದೆಯ ಪ್ರಕಾರ ವಯಸ್ಸಾದ ತಂದೆತಾಯಿ ಉಪವಿಭಾಗಾಧಿಕಾರಿಗಳಿಗೆ ಅರ್ಜಿ ಕೊಟ್ಟು ಯಾವ ಮಕ್ಕಳಿಂದಲಾದರೂ ಜೀವನಾಂಶ ಕೇಳಬಹುದು. ಕೋರ್ಟಿಗಿಂತ ಮೊದಲು ಹಿರಿಯರೊಬ್ಬರು ಫೋನು ಮಾಡಿ, ‘ನೀನು ಹಣ ಕಳಿಸು, ಇಲ್ಲವೇ ವರ್ಷಕ್ಕೆ ಒಂದು ತಿಂಗಳು ಬಂದಿದ್ದು ನಿನ್ನ ಅತ್ತಿಗೆಯನ್ನು ತವರಿಗೆ ಕಳಿಸು’ ಎಂದರೆ ಎಷ್ಟೋ ಮನೆಗಳಲ್ಲಿ ಕೆಲಸವಾಗುತ್ತದೆ.

ಕೊನೆಯದಾಗಿ ಒಂದು ಎಚ್ಚರಿಕೆ. ವರ್ಷಗಟ್ಟಲೆ ನಿದ್ದೆಗೆಟ್ಟು ನೋಡಿಕೊಂಡವರು ಊಟ ಬಿಟ್ಟರೆ, ಸುಮ್ಮಸುಮ್ಮನೆ ಅತ್ತರೆ, ‘ನಾವಿಬ್ಬರೂ ಒಟ್ಟಿಗೇ ಹೋಗಿಬಿಟ್ಟರೆ ಸಾಕು’ ಎಂದರೆ ಅದನ್ನು ಬರೀ ಮಾತೆಂದು ತಳ್ಳಿಹಾಕಬೇಡಿ. ಅಂಥ ಮನೆಯ ಅಟ್ಟದ ಮೇಲೆ ಶೇಂಗಾಕ್ಕೆ ಹೊಡೆದು ಉಳಿದ ಔಷಧಿಯ ಡಬ್ಬಿ ಇರುತ್ತದೆ. ಅದನ್ನು ಆ ದಿನವೇ ಆ ಮನೆಯಿಂದ ತೆಗೆಸಿ, ಬೀಗವಿರುವ ಕಡೆ ಇಡಿಸಿ. ಅವರೊಬ್ಬರನ್ನೇ ಬಿಡದೆ ಪಕ್ಕದಲ್ಲಿ ಕುಳಿತು 14416ಕ್ಕೆ ಫೋನು ಮಾಡಿಸಿ. ಟೆಲಿ ಮಾನಸ್ ಎಂಬ ಈ ಸೇವೆ 2022ರಲ್ಲಿ ಆರಂಭವಾಯಿತು. ದಿನದ 24 ಗಂಟೆಯೂ ಕನ್ನಡದಲ್ಲಿ ಮಾತನಾಡುತ್ತಾರೆ, ಹಣ ಬೇಕಿಲ್ಲ. ವಯಸ್ಸಾದವರ ತೊಂದರೆಗಳಿಗೆ 14567 ಎಂಬ ಸಂಖ್ಯೆ ಇದೆ. ಈ ಎರಡನ್ನೂ 108ರ ಜೊತೆಗೆ ಒಂದು ರಟ್ಟಿನ ಮೇಲೆ ದೊಡ್ಡಕ್ಷರದಲ್ಲಿ ಬರೆದು ವಾಚನಾಲಯದ ಗೋಡೆಗೂ ಹಾಲಿನ ಡೇರಿಯ ಬಾಗಿಲಿಗೂ ಅಂಟಿಸಿ. ಡೇರಿಗೆ ಬೆಳಿಗ್ಗೆ ಸಂಜೆ ಹೆಂಗಸರು ಬರುತ್ತಾರೆ. ವಾಚನಾಲಯಕ್ಕೆ ಅವರು ಬರುವುದು ಕಡಿಮೆ.